ಹೈ-ಪವರ್ ಪಿಸ್ತೂಲಿನ ಹನ್ನೊಂದು ಮ್ಯಾಗಜಿನ್: ಹತ್ತರ ಕತೆ ಗೊತ್ತು, ಒಂದರದ್ದು ಗೊತ್ತಿಲ್ಲ

ಹಾಸನದ_ಮಗ (ಟಕ್ಸನ್, ಅರಿಝೋನಾ)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮೇಜಿನ ಮೇಲೆ ಹಳೆ ಪಂಚೆ ಹಾಸಿ, ನನ್ನ ಹತ್ತಿರ ಇರುವ ಹೈ-ಪವರ್ ಪಿಸ್ತೂಲಿನ ಮ್ಯಾಗಜಿನ್‌ಗಳನ್ನೆಲ್ಲ, ಅಂದರೆ ಗುಂಡು ತುಂಬಿ ಹಿಡಿಯೊಳಗೆ ಹಾಕುವ ಪೆಟ್ಟಿಗೆಗಳನ್ನೆಲ್ಲ, ಸಾಲಾಗಿ ಇಟ್ಟೆ. ಒಟ್ಟು ಹನ್ನೊಂದು. ಹತ್ತು ಎಲ್ಲಿಂದ ಬಂದವು ಅಂತ ಹೇಳಬಲ್ಲೆ. ಒಂದು ಮಾತ್ರ ಒಗಟಾಗಿಯೇ ಉಳಿದಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಈ ಪಿಸ್ತೂಲೇ ಯಾಕೆ ಅಂದರೆ, ನಮ್ಮಪ್ಪ ಸೇನೆಯಲ್ಲಿ ಮಿಲಿಟರಿ ಪೊಲೀಸ್ ಆಗಿದ್ದರು. ಬೆಂಗಳೂರಿನ ಸಿಎಂಪಿ (ಮಿಲಿಟರಿ ಪೊಲೀಸ್ ದಳ) ಸೆಂಟರ್‌ನಲ್ಲೇ ಟ್ರೈನಿಂಗ್. ಅವರ ಸೊಂಟದಲ್ಲಿ ಇದ್ದದ್ದು ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ಮಾಡಿದ 9 ಎಂಎಂ 1ಎ ಪಿಸ್ತೂಲು. ಅದರ ಮೂಲ ಬೆಲ್ಜಿಯಂನ ಬ್ರೌನಿಂಗ್ ಹೈ-ಪವರ್. ಎರಡನೇ ಮಹಾಯುದ್ಧದ ಹೊತ್ತಿಗೆ ಕೆನಡಾದ ಇಂಗ್ಲಿಸ್ ಕಂಪನಿ ಅದನ್ನು ಮಾಡುತ್ತಿತ್ತು. ನಮ್ಮ 1ಎ ಆ ಇಂಗ್ಲಿಸ್ ಮಾದರಿಯದ್ದು. ಅಮೆರಿಕಕ್ಕೆ ಬಂದ ಮೇಲೆ ಅಪ್ಪನ ಪಿಸ್ತೂಲಿನ ಅಣ್ಣನಂಥದ್ದು ಇಲ್ಲಿ ಸಿಗುತ್ತದೆ ಅಂತ ಗೊತ್ತಾಯಿತು. ಒಂದು ಕೊಂಡೆ. ಆಮೇಲೆ ಮನಸ್ಸು ಪಿಸ್ತೂಲಿಗಿಂತ ಜಾಸ್ತಿ ಮ್ಯಾಗಜಿನ್ ಕಡೆಗೇ ಹೋಯಿತು.

ಅದಕ್ಕೂ ಕಾರಣ ಇದೆ. ಇದನ್ನು ರೂಪಿಸಲು ಶುರು ಮಾಡಿದ ಜಾನ್ ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ತೀರಿಕೊಂಡಾಗ ಈ ಪಿಸ್ತೂಲಿನ ಕೆಲಸ ಅರ್ಧದಲ್ಲಿತ್ತು. ಮುಗಿಸಿದವರು ಅಲ್ಲಿನ ಎಫ್‌ಎನ್ ಎಂಬ ಬಂದೂಕು ಕಾರ್ಖಾನೆಯ ಡ್ಯೂಡೊನೆ ಸೈವ್. ಮ್ಯಾಗಜಿನ್ ಪೂರ್ತಿ ಸೈವ್ ಅವರದ್ದೇ ಯೋಚನೆ. ಗುಂಡುಗಳು ಕೆಳಗೆ ಎರಡು ಸಾಲಾಗಿ, ಒಂದರ ಸಂದಿಗೆ ಇನ್ನೊಂದು ಕೂರುತ್ತವೆ. ಮೇಲೆ ಬರುವಷ್ಟರಲ್ಲಿ ಪೆಟ್ಟಿಗೆ ಕಿರಿದಾಗಿ ಒಂದೇ ಗುಂಡು ಬಾಯಿಗೆ ಬರುತ್ತದೆ. ಬೆಲ್ಜಿಯಂ ಸೇನೆ 1935ರಲ್ಲಿ ಇದನ್ನು ತೆಗೆದುಕೊಂಡಾಗ 13 ಗುಂಡು ಹಿಡಿಯುತ್ತಿತ್ತು. ಆಗ ಅಮೆರಿಕದ 1911 ಪಿಸ್ತೂಲಿನಲ್ಲಿ 7, ಜರ್ಮನರ ಲೂಗರ್‌ನಲ್ಲಿ 8. ಹಾಗಿದ್ದರೂ ಹೈ-ಪವರ್‌ನ ಹಿಡಿ ಕೈಗೆ ದಪ್ಪ ಅನ್ನಿಸುವುದಿಲ್ಲ. ನನಗೆ ಇವತ್ತಿಗೂ ಇದು ಆಶ್ಚರ್ಯವೇ.

ಹನ್ನೊಂದರಲ್ಲಿ ಎರಡು ಹಳೆಯ ಎಫ್‌ಎನ್. ಒಂದು ಆಮೇಲಿನ ಕಾಲದ ಎಫ್‌ಎನ್, ತಳದಲ್ಲಿ ಸ್ಪ್ರಿಂಗ್ ಕಡ್ಡಿ ಇರುವಂಥದ್ದು. ಇಲ್ಲಿಯವರು ಅದಕ್ಕೆ ಇಲಿಬೋನು ಅನ್ನುತ್ತಾರೆ. ಇಟಲಿಯ ಮೆಕ್-ಗಾರ್ ಕಂಪನಿಯ 13 ಗುಂಡಿನದ್ದು ಮೂರು, 15ರದ್ದು ಎರಡು. ಹಂಗೆರಿಯ ಫೆಗ್ ಕಂಪನಿಯದ್ದು ಒಂದು. ಅಮೆರಿಕದಲ್ಲಿ 1994ರಿಂದ 2004ರವರೆಗೆ 10ಕ್ಕಿಂತ ಜಾಸ್ತಿ ಗುಂಡಿನ ಹೊಸ ಮ್ಯಾಗಜಿನ್‌ಗೆ ನಿಷೇಧ ಇದ್ದಾಗ ಮಾರಿದ 10ರದ್ದು ಒಂದು. ಉಳಿದದ್ದೇ ಆ ಒಗಟು.

ಅದರ ಮೇಲೆ ಒಂದು ಅಕ್ಷರವೂ ಇಲ್ಲ. ಬಣ್ಣ ಎಫ್‌ಎನ್‌ನಂತೆ ಹೊಳೆಯುವ ಕಪ್ಪಲ್ಲ, ಮಂಕಾದ ಬೂದುಗಪ್ಪು. ಉಗುರಿನಿಂದ ಕೆರೆದರೆ ಸ್ಲೇಟು ಕೆರೆದ ಹಾಗೆ ತರಿತರಿ. 13 ಹಿಡಿಯುತ್ತದೆ, ಚೆನ್ನಾಗಿ ಓಡುತ್ತದೆ. ಎಡ ಪಕ್ಕದಲ್ಲಿ ತಳಕ್ಕೆ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಕಲೆ ಇದೆ. ತುಕ್ಕು ಅಂದುಕೊಂಡಿದ್ದೇನೆ. ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು. ಮಾರಿದವರಿಗೂ ಏನೂ ಗೊತ್ತಿರಲಿಲ್ಲ. ಯಾರಾದರೂ ಗುರುತು ಹಿಡಿಯಬಲ್ಲಿರಾ?

ಶಾಲಿನಿ_ಫ್ರೀಮಾಂಟ್

ನಿಮ್ಮ ಸಂಗ್ರಹ ಓದಿ ಖುಷಿಯಾಯಿತು. ನಾನು ಕ್ಯಾಲಿಫೋರ್ನಿಯಾದಲ್ಲಿ ಇರುವುದರಿಂದ 10ಕ್ಕಿಂತ ಜಾಸ್ತಿ ಹಿಡಿಯುವುದನ್ನು ಕೊಳ್ಳುವ ಹಾಗಿಲ್ಲ. ಹಾಗಾಗಿ ನನ್ನ ಹತ್ತಿರ ಇರುವುದೆಲ್ಲ 10ರದ್ದೇ. ಸಂಗ್ರಹಿಸುವವರು ಅವುಗಳನ್ನು ಬದಿಗೆ ತಳ್ಳುತ್ತಾರೆ. ನನಗೆ ಅದು ಬೇಸರ. ಆ ಹತ್ತು ವರ್ಷದ ಕಾನೂನಿಗೆ ಸಾಕ್ಷಿ ಅವೇ ಅಲ್ವಾ? ಅದೇ ಕಾಲದಲ್ಲಿ ಪೊಲೀಸರಿಗೆ ಅಂತ ಮಾಡಿದ ದೊಡ್ಡ ಮ್ಯಾಗಜಿನ್‌ಗಳ ಮೇಲೆ 'ಪೊಲೀಸ್ ಮತ್ತು ಸರ್ಕಾರಿ ಬಳಕೆಗೆ ಮಾತ್ರ' ಎಂಬ ಅರ್ಥದ ಬರಹ ಒತ್ತುತ್ತಿದ್ದರು. ಬರಹ ನೋಡಿಯೇ ಕಾಲ ಹೇಳಬಹುದು.

ಇನ್ನೊಂದು ಮಾತು, ನಾಲ್ಕು ವರ್ಷ ಗುರಿ ಅಭ್ಯಾಸದಲ್ಲಿ ಕಲಿತದ್ದು. ಗುಂಡು ಸಿಕ್ಕಿಹಾಕಿಕೊಂಡರೆ ಎಲ್ಲರೂ ಮೊದಲು ಮ್ಯಾಗಜಿನ್ ಬೈಯುತ್ತಾರೆ. ನಾನೂ ಹಾಗೇ ಎರಡು ಒಳ್ಳೆ ಮ್ಯಾಗಜಿನ್ ಮಾರಿಬಿಟ್ಟೆ. ಆಮೇಲೆ ತಿಳಿಯಿತು, ದೋಷ ಪಿಸ್ತೂಲಿನ ಒಳಗಿನ ಇಳಿಜಾರಿನಲ್ಲಿತ್ತು. ಹಳೆಯ ಹೈ-ಪವರ್‌ಗಳಲ್ಲಿ ಗುಂಡು ಹತ್ತಿ ಹೋಗುವ ಆ ಇಳಿಜಾರಿಗೆ ಮಧ್ಯದಲ್ಲಿ ಸಣ್ಣ ಉಬ್ಬು ಇರುತ್ತದೆ. ಸೇನೆಯ ಉರುಟು ಮೂತಿಯ ಗುಂಡಿಗೆ ಅದು ಸರಿ. ತುದಿಯಲ್ಲಿ ಕುಳಿ ಇರುವ ಗುಂಡು ಅಲ್ಲಿ ತಡೆಯುತ್ತದೆ. ಮಾರ್ಕ್ 3 ಎಂಬ ಆಮೇಲಿನ ಮಾದರಿ ಬರುವಷ್ಟರಲ್ಲಿ ಆ ಉಬ್ಬು ತೆಗೆದಿದ್ದರು. ಹೋಲಿಸುವಾಗ ಎಲ್ಲಾ ಮ್ಯಾಗಜಿನ್‌ಗೂ ಒಂದೇ ಪಿಸ್ತೂಲು, ಒಂದೇ ತರಹದ ಗುಂಡು ಬಳಸಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಹಾಸನದ_ಮಗ

ಶಾಲಿನಿ ಅವರೇ, ಇದು ನನಗೆ ಹೊಳೆದೇ ಇರಲಿಲ್ಲ. ನನ್ನದು ಮಾರ್ಕ್ 3. ಹಾಗಾಗಿ ಎಲ್ಲವೂ ಓಡುತ್ತವೆ. ಹಳೆ ಪಿಸ್ತೂಲಿನಲ್ಲಿ ಏನಾಗುತ್ತದೋ ನೋಡಬೇಕು.

ಪೀಣ್ಯ_ಸ್ಪ್ರಿಂಗ್

ನಾನು ಪಿಸ್ತೂಲು ಮುಟ್ಟಿದವನಲ್ಲ. ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಪ್ರಿಂಗ್ ಸುತ್ತುವ ಕೆಲಸ. ಒಂದು ಪ್ರಶ್ನೆ. 13ರದ್ದು, 15ರದ್ದು ಎರಡೂ ಹೊರಗಿನಿಂದ ಒಂದೇ ಉದ್ದ ಅಂತೀರಾ? ಹಾಗಾದರೆ ಜಾಸ್ತಿ ಎರಡು ಗುಂಡಿಗೆ ಜಾಗ ಎಲ್ಲಿಂದ ಬಂತು?

ಹಾಸನದ_ಮಗ

ಒಂದೇ ಉದ್ದ ಸರ್. ಎರಡೂ ಹಿಡಿಯ ತಳಕ್ಕೆ ಸಮವಾಗಿ ಕೂರುತ್ತವೆ. ನಿಮ್ಮ ಪ್ರಶ್ನೆ ನೋಡಿದ ಮೇಲೆ ಎರಡನ್ನೂ ಬಿಚ್ಚಿದೆ. ಗುಂಡುಗಳನ್ನು ಮೇಲಕ್ಕೆ ತಳ್ಳುವ ತಟ್ಟೆ, ಅಂದರೆ ಫಾಲೋವರ್, 15ರದ್ದರಲ್ಲಿ ಗಿಡ್ಡ. ಅದರ ಕಾಲುಗಳು ಕಡಿಮೆ ಉದ್ದ. ಸ್ಪ್ರಿಂಗ್ ಸುತ್ತಿದ ರೀತಿಯೂ ಬೇರೆ.

ಪೀಣ್ಯ_ಸ್ಪ್ರಿಂಗ್

ಹಾಗಾದರೆ ಸರಿ. ಬೇರೆ ದಾರಿಯೂ ಇಲ್ಲ. ಸ್ಪ್ರಿಂಗನ್ನು ಪೂರ್ತಿ ಒತ್ತಿದಾಗ ಅದು ಎಷ್ಟು ಎತ್ತರ ಉಳಿಯುತ್ತದೋ ಅಷ್ಟು ಜಾಗ ಗುಂಡಿಗೆ ಸಿಗುವುದಿಲ್ಲ. ಸುತ್ತು ಕಡಿಮೆ ಮಾಡಬೇಕು, ಇಲ್ಲ ತಂತಿ ಸಣ್ಣ ಮಾಡಬೇಕು. ಎರಡರಲ್ಲೂ ತಂತಿಯ ಮೇಲೆ ಬೀಳುವ ಒತ್ತಡ ಜಾಸ್ತಿಯಾಗುತ್ತದೆ. ಒಳ್ಳೆ ತಂತಿ, ಸರಿಯಾದ ಹದ ಇದ್ದರೆ ತೊಂದರೆ ಇಲ್ಲ. ಕಡಿಮೆ ಬೆಲೆಯ ತಂತಿಯಾದರೆ ಬೇಗ ಕುಗ್ಗುತ್ತದೆ.

ಜನ ಒಂದು ತಪ್ಪು ತಿಳಿದಿರುತ್ತಾರೆ, ತುಂಬಿ ಇಟ್ಟರೆ ಸ್ಪ್ರಿಂಗ್ ಸಾಯುತ್ತದೆ ಅಂತ. ತಂತಿ ತಾಳುವ ಮಿತಿಯೊಳಗೆ ಇದ್ದರೆ, ಸುಮ್ನೆ ಒತ್ತಿ ಇಟ್ಟದ್ದಕ್ಕೆ ಅದು ಹೆಚ್ಚೇನೂ ಸೋಲುವುದಿಲ್ಲ. ಸೋಲಿಸುವುದು ಒತ್ತಿ ಬಿಡುವ, ಒತ್ತಿ ಬಿಡುವ ಕೆಲಸ. ಸಾವಿರಾರು ಸಲ. ಹಳೇ ಮ್ಯಾಗಜಿನ್ ಕೊಳ್ಳುವಾಗ ವರ್ಷ ನೋಡಬೇಡಿ, ಎಷ್ಟು ದುಡಿದಿದೆ ಅಂತ ನೋಡಿ. ಬಿಚ್ಚಿದಾಗ ಹಳೆ ಸ್ಪ್ರಿಂಗನ್ನು ಅದೇ ತಯಾರಕರ ಹೊಸದರ ಪಕ್ಕ ಇಟ್ಟು ಉದ್ದ ಹೋಲಿಸಿ. ಸ್ವಲ್ಪ ಗಿಡ್ಡ ಆಗಿರುವುದು ಸಹಜ. ಒಂದೆರಡು ಸುತ್ತಿನಷ್ಟು ಗಿಡ್ಡ ಆಗಿದ್ದರೆ ಬದಲಾಯಿಸಿ. ಹಳೇದನ್ನು ಬಿಸಾಡಬೇಡಿ, ಚೀಟಿ ಬರೆದು ಜೊತೆಗೇ ಇಟ್ಟುಕೊಳ್ಳಿ.

ಎಳೆದು ಉದ್ದ ಮಾಡುವವರೂ ಇದ್ದಾರೆ. ಅದು ಬೇಡವೇ ಬೇಡ. ಎಳೆದ ಸ್ಪ್ರಿಂಗ್ ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಮೊದಲಿಗಿಂತ ಕೆಟ್ಟದಾಗುತ್ತದೆ.

ರವಿ_ಡಲ್ಲಾಸ್

ನಾನು ಹೊಸಬ. ಎಫ್‌ಎನ್ ಕಂಪನಿ 2022ರಲ್ಲಿ ಮತ್ತೆ ಹೈ ಪವರ್ ತಂದಿತಲ್ಲ, ಅದರ ಮ್ಯಾಗಜಿನ್ ಹಳೇದಕ್ಕೆ ಆಗುತ್ತದಾ? ಅದು 17ರದ್ದು.

ಹಾಸನದ_ಮಗ

ಆಗುವುದಿಲ್ಲ ರವಿ. ಹೆಸರು ಅದೇ, ಪಿಸ್ತೂಲು ಬೇರೆ. ಹಳೇ ಮ್ಯಾಗಜಿನ್ ಹಾಕುವ ಹೊಸ ಪಿಸ್ತೂಲು ಬೇಕೆಂದರೆ ಸ್ಪ್ರಿಂಗ್‌ಫೀಲ್ಡ್ ಕಂಪನಿಯ ಎಸ್‌ಎ-35 ನೋಡಿ. 2021ರಲ್ಲಿ ಬಂದದ್ದು. ಅದಕ್ಕೆ ಈ ಮ್ಯಾಗಜಿನ್‌ಗಳೇ ಕೂರುತ್ತವೆ. 40 ಕ್ಯಾಲಿಬರ್ ಹೈ-ಪವರ್‌ನ ಮ್ಯಾಗಜಿನ್ ಮಾತ್ರ ಕೊಳ್ಳಬೇಡಿ, ಅದು ಬೇರೆ ಅಳತೆ.

ಹೊಸಬರು ಅಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಬೇಗ ಮೋಸ ಹೋಗುವುದು 'ಯುದ್ಧ ಕಾಲದ್ದು' ಎಂಬ ಮಾತಿಗೆ. ಜರ್ಮನರು 1940ರಲ್ಲಿ ಬೆಲ್ಜಿಯಂ ಹಿಡಿದ ಮೇಲೆ ಹೆರ್‌ಸ್ಟಾಲ್‌ನ ಎಫ್‌ಎನ್ ಕಾರ್ಖಾನೆ ಅವರಿಗಾಗಿ ಈ ಪಿಸ್ತೂಲನ್ನು ಲಕ್ಷಗಟ್ಟಲೆ ಮಾಡಿತು. ಅದರ ಮೇಲೆ ಹದ್ದಿನ ಗುರುತು, ಕೆಳಗೆ 613, 103, 140 ಇವುಗಳಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಗುರುತು ಕಂಡರೆ ಬೆಲೆ ಏರುತ್ತದೆ. ನಾನೂ ಅಂಥ ಗುರುತಿನ ಒಂದು ಮ್ಯಾಗಜಿನ್ ಕೊಂಡೆ. ಮಾರಾಟಗಾರ ಪಕ್ಕದ ಫೋಟೋ ಮಾತ್ರ ಕಳಿಸಿದ್ದ. ಹದ್ದು, 140 ಸ್ಪಷ್ಟವಾಗಿತ್ತು. ಮನೆಗೆ ಬಂದಾಗ ತಿರುಗಿಸಿ ತಳ ನೋಡಿದೆ. ಇಲಿಬೋನಿನ ಸ್ಪ್ರಿಂಗ್ ಕಡ್ಡಿ ಇತ್ತು. ಅದು ಯುದ್ಧ ಮುಗಿದು ದಶಕಗಳು ಕಳೆದ ಮೇಲೆ ಬಂದ ಏರ್ಪಾಡು. ಭೂತಗನ್ನಡಿಯಲ್ಲಿ ನೋಡಿದರೆ ಹದ್ದಿನ ಸುತ್ತ ಬಣ್ಣ ಎದ್ದು, ಒಳಗೆ ಬಿಳಿ ಕಬ್ಬಿಣ ಹೊಸದಾಗಿ ಮಿಂಚುತ್ತಿತ್ತು. ದುಡ್ಡು ವಾಪಸ್ ಬರಲಿಲ್ಲ. ತುಂಬಾ ನೋವಾಯಿತು. ಅದನ್ನು ಈ ಹನ್ನೊಂದರಲ್ಲಿ ಸೇರಿಸಿಲ್ಲ.

ಅವತ್ತಿನಿಂದ ಫೋಟೋ ಕೇಳಿದರೆ ನಾಲ್ಕು ಕಡೆಯಿಂದ ಕೇಳುತ್ತೇನೆ: ಬಾಯಿ, ತಳ, ಬೆನ್ನು, ಎದೆ. ಎದೆ, ಅಂದರೆ ಮುಂಭಾಗ, ಯಾಕೆಂದರೆ, ಹೈ-ಪವರ್‌ನಲ್ಲಿ ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಒಳಗೆ ಒಂದು ಪುಟ್ಟ ಗೂಟ ಮ್ಯಾಗಜಿನ್‌ನ ಎದೆಗೆ ಒತ್ತಿಕೊಂಡೇ ಇರುತ್ತದೆ. ಪ್ರತಿ ಸಲ ಹಾಕಿ ತೆಗೆಯುವಾಗ ಅದು ಉಜ್ಜುತ್ತದೆ. ವರ್ಷಗಳು ಕಳೆದ ಮೇಲೆ ಅಲ್ಲಿ ಮೇಲಿಂದ ಕೆಳಗೆ ಒಂದು ಬೆಳ್ಳಿ ಗೆರೆ ಮೂಡುತ್ತದೆ. ಗೆರೆ ಆಳವಾಗಿದ್ದರೆ ಆ ಮ್ಯಾಗಜಿನ್ ದುಡಿದದ್ದು. ಗೆರೆಯೇ ಇಲ್ಲದೆ, ಎಪ್ಪತ್ತು ಎಂಬತ್ತು ವರ್ಷ ಸೇವೆ ಮಾಡಿದ್ದು ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಾಳಿ. ಈ ಗೂಟ ಉಜ್ಜುವುದರಿಂದಲೇ ಗುಂಡಿ ಒತ್ತಿದರೂ ಮ್ಯಾಗಜಿನ್ ತಾನಾಗಿ ಕೆಳಗೆ ಬೀಳುವುದಿಲ್ಲ. ಅದನ್ನು ಹೊರಗೆ ತಳ್ಳಲಿಕ್ಕೇ ಇಲಿಬೋನು ಬಂದದ್ದು.

ನನ್ನ ಒಗಟಿನ ಮ್ಯಾಗಜಿನ್‌ಗೆ ಹನ್ನೊಂದರಲ್ಲೇ ಅತಿ ಆಳವಾದ ಗೆರೆ ಇದೆ.

ಕೊಡಗಿನ_ಸುಬೇದಾರ್

ತಮ್ಮಾ, ನಿನ್ನ ಬರಹ ಮಗಳು ಓದಿ ಹೇಳಿದಳು. ನಾನೂ 1ಎ ಹಿಡಿದವನೇ. ನಮ್ಮ ಕಾಲದಲ್ಲಿ ಮ್ಯಾಗಜಿನ್ ಅಂದರೆ ಸಂಗ್ರಹದ ವಸ್ತು ಅಲ್ಲ, ಲೆಕ್ಕದ ವಸ್ತು. ಕೋತ್‌ನಿಂದ, ಅಂದರೆ ಆಯುಧ ಇಡುವ ಕೋಣೆಯಿಂದ, ಎರಡು ಕೊಟ್ಟರೆ ಸಂಜೆ ಎರಡು ವಾಪಸ್ ಬರಬೇಕು. ಒಂದು ಕಮ್ಮಿಯಾದರೆ ಇಡೀ ಕಂಪನಿ ಹುಲ್ಲಿನಲ್ಲಿ ಸಾಲಾಗಿ ಹುಡುಕುತ್ತದೆ. ಪಿಸ್ತೂಲು ಒರೆಸಲಿಕ್ಕೆ ಫುಲ್‌ತ್ರು (ನಳಿಗೆಯೊಳಗೆ ಎಳೆಯುವ ಹಗ್ಗ), ಚಿಂದಿ, ಎಣ್ಣೆ. ಮ್ಯಾಗಜಿನ್ ಒಳಗೆ ಮಾತ್ರ ಒಣ ಚಿಂದಿ. ಎಣ್ಣೆ ಹಾಕಿದರೆ ಧೂಳು ಹಿಡಿದು ಫಾಲೋವರ್ ಅಂಟಿಕೊಳ್ಳುತ್ತದೆ. ರಾಜಸ್ಥಾನದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ.

ನಮಗೆ ಕಲಿಸಿದ ಇನ್ನೊಂದು ಕ್ರಮ ಇದೆ. ಗುಂಡು ತುಂಬಿದ ಮೇಲೆ ಮ್ಯಾಗಜಿನ್‌ನ ಬೆನ್ನನ್ನು ಎಡ ಅಂಗೈಗೆ ಎರಡು ಸಲ ತಟ್ಟಬೇಕು. ಗುಂಡುಗಳೆಲ್ಲ ಹಿಂದಕ್ಕೆ ಸರಿದು ಸಮ ಕೂರುತ್ತವೆ. ನಾನು ಸೇನೆ ಬಿಟ್ಟು ಹತ್ತೊಂಬತ್ತು ವರ್ಷ. ಕೈ ಇನ್ನೂ ಮರೆತಿಲ್ಲ.

ಒಂದು ಮಾತು ಎಲ್ಲರಿಗೂ. ಊರಿಗೆ ಬರುವಾಗ ಅಪ್ಪನಿಗೆ ತೋರಿಸಬೇಕು ಅಂತ ಖಾಲಿ ಮ್ಯಾಗಜಿನ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ. ಅದರ ಮೇಲೆ 9 ಎಂಎಂ ನಾಗರಿಕರಿಗೆ ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಗೆ ಅಳತೆ. ನಾವು ಕೊಡವರು. ಮನೆಯ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತೇವೆ. ಆದರೂ ಈ ಪಿಸ್ತೂಲು ಆ ವಿನಾಯಿತಿಯೊಳಗೆ ಬರುವುದಿಲ್ಲ. ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ರಜೆಯೆಲ್ಲ ಕೋರ್ಟಿನಲ್ಲಿ ಹೋಗುತ್ತದೆ.

ಹಾಸನದ_ಮಗ

ಸುಬೇದಾರ್ ಸಾಹೇಬರೇ, ನಮಸ್ಕಾರ. ನಿಜ ಹೇಳುತ್ತೇನೆ, ಯುಗಾದಿಗೆ ಬರುವಾಗ ಒಂದು ತರುವ ಯೋಚನೆ ಇತ್ತು. ನೀವು ಹೇಳಿದ್ದು ಒಳ್ಳೆಯದಾಯಿತು. ತರುವುದಿಲ್ಲ. ವಿಡಿಯೋ ಕಾಲ್‌ನಲ್ಲೇ ತೋರಿಸುತ್ತೇನೆ.

ಧಾರವಾಡ_ಟೊರೊಂಟೊ

ಎಲ್ಲಾರಿಗೂ ನಮಸ್ಕಾರ್ರೀ. ಇಂಗ್ಲಿಸ್ ಹೆಸರು ಬಂತಂತ ಬರೀಲಿಕ್ಕೆ ಕೂತೆ. ಟೊರೊಂಟೊದ ಸ್ಟ್ರಾಕನ್ ಅವೆನ್ಯೂದಾಗ ಆ ಕಾರ್ಖಾನೆ ಇತ್ತು. ನಾನು ದಿನಾ ಆ ಕಡೆಯಿಂದನ ಆಫೀಸಿಗೆ ಹೋಗೋದು. ಈಗ ಅಲ್ಲಿ ಎತ್ತರದ ಅಪಾರ್ಟ್‌ಮೆಂಟ್ ಅದಾವ. ಯುದ್ಧದ ಕಾಲಕ್ಕ ಅಲ್ಲಿ ಬ್ರೆನ್ ಗನ್ ಮಾಡ್ತಿದ್ದರು, ಹೆಣ್ಣುಮಕ್ಕಳು ಸಾವಿರಗಟ್ಟಲೆ ಕೆಲಸ ಮಾಡ್ತಿದ್ದರು. ಅದರಾಗಿನ ವೆರೋನಿಕಾ ಫಾಸ್ಟರ್ ಫೋಟೋ ಇಲ್ಲಿ ಎಲ್ಲಾರಿಗೂ ಗೊತ್ತು. 1944ರಿಂದ ಹೈ-ಪವರ್ ಮಾಡಿದರು. ಮೊದಲ ದೊಡ್ಡ ಬೇಡಿಕೆ ಚೀನಾದ್ದು. ಯುದ್ಧ ಮುಗಿದ ಮ್ಯಾಲೆ ಅದೇ ಕಂಪನಿ ಬಟ್ಟೆ ಒಗೆಯೋ ಮಷಿನ್ ಮಾಡ್ತು. ಕೆನಡಾ ಸೇನೆ ಮಾತ್ರ ಅದೇ ಪಿಸ್ತೂಲನ್ನ ಎಂಬತ್ತು ವರ್ಷದ ಹತ್ತಿರ ಹತ್ತಿರ ಇಟ್ಟುಕೊಂಡಿತ್ತು. ಈಗ ಮೊನ್ನೆ ಮೊನ್ನೆ ಅದರ ಬದಲಿಗೆ ಸಿಗ್ ಕಂಪನಿ ಪಿಸ್ತೂಲು ಬಂದಾವ.

ಅದಿರಲಿ. ನಿಮ್ಮ ಒಗಟಿನ ಮಾತಿಗೆ ಬರ್ತೀನಿ. ಎಡಕ್ಕ, ತಳದ ಹತ್ತಿರ, ಸಾಸಿವೆ ಕಾಳಿನಷ್ಟು ಕಲೆ ಅಂದ್ರಲ್ಲ. ಅದನ್ನ ಇನ್ನೊಮ್ಮೆ ನೋಡ್ರಿ. ತುಕ್ಕಾದರ ಅಂಚು ಹರಕುಮುರುಕು ಇರ್ತದ. ಅದು ಉರುಟಾಗಿ, ಕಂಪಾಸಿನಿಂದ ಎಳೆದಂಗ ಇದ್ದರ ಅದು ತುಕ್ಕಲ್ಲ. ಇಲ್ಲಿ ಪಿಸ್ತೂಲಿನ ಮ್ಯಾಗಜಿನ್‌ಗೆ ಕಾನೂನು ಪ್ರಕಾರ 10 ಗುಂಡಿನ ಮಿತಿ. 13ರದ್ದನ್ನ ಇಟ್ಟುಕೋಬೇಕಂದ್ರ ಪಕ್ಕದಾಗ ತೂತು ಹಾಕಿ ರಿವೆಟ್, ಅಂದ್ರ ಲೋಹದ ಮೊಳೆ, ಬಡೀತಾರ. ಫಾಲೋವರ್ ಅದಕ್ಕಿಂತ ಕೆಳಗ ಇಳಿಯಂಗಿಲ್ಲ. ನನ್ನ ಹತ್ತಿರ ಅಂಥಾವು ಮೂರು ಅದಾವ. ನಿಮ್ಮ ದೇಶಕ್ಕ ಹೋದ ಮ್ಯಾಲೆ ಯಾರೋ ರಿವೆಟ್ ತೆಗೆಸಿ ತೂತು ಮುಚ್ಚಿಸಿರಬೇಕು.

ತಳ ಬಿಚ್ಚಿ, ಒಳಗ ಬೆಳಕು ಬಿಟ್ಟು ನೋಡ್ರಿ. ಮುಚ್ಚಿದ್ದು ನಿಜ ಆದರ ಒಳಗೂ ಅದೇ ಜಾಗಾದಾಗ ಗುರುತು ಇರಬೇಕು.

ಹಾಸನದ_ಮಗ

ರೀ ಸರ್, ಕೈ ನಡುಗುತ್ತಿದೆ ಬರೆಯುವಾಗ. ಈಗಷ್ಟೇ ಬಿಚ್ಚಿ ನೋಡಿದೆ. ತಳದ ತಟ್ಟೆ ಸರಿಸಿ, ಸ್ಪ್ರಿಂಗ್ ತೆಗೆದು, ಮೊಬೈಲ್ ಟಾರ್ಚ್ ಒಳಗೆ ಬಿಟ್ಟೆ. ಹೊರಗೆ ಕಲೆ ಇದ್ದ ಜಾಗಕ್ಕೆ ಸರಿಯಾಗಿ ಒಳಗೆ ಒಂದು ಉರುಟು ಗುರುತು. ಬೆರಳ ತುದಿ ಅಷ್ಟು ದೂರ ಹೋಗುವುದಿಲ್ಲ. ಊದುಬತ್ತಿ ಕಡ್ಡಿ ತೂರಿಸಿ ಸವರಿದೆ. ಅಲ್ಲಿ ಮಾತ್ರ ಸಣ್ಣ ಗಂಟು ತಡೆಯಿತು. ಬೆಸುಗೆಯ ಗಂಟು. ಉಳಿದ ಕಡೆ ನುಣುಪು.

ಎರಡು ವರ್ಷ ಇದನ್ನು ತುಕ್ಕು ಅಂತ ಎಣ್ಣೆ ಹಚ್ಚಿ ಒರೆಸುತ್ತಿದ್ದೆ.

ಶಾಲಿನಿ_ಫ್ರೀಮಾಂಟ್

ಎಷ್ಟು ಚೆನ್ನಾಗಿದೆ! ಹಾಗಾದರೆ ಇದು ಇಂಗ್ಲಿಸ್ ಮ್ಯಾಗಜಿನ್ ಅಂತಲೇ ಆಯಿತಾ?

ಧಾರವಾಡ_ಟೊರೊಂಟೊ

ಅಷ್ಟು ಜಲ್ದಿ ಬ್ಯಾಡ್ರಿ ಶಾಲಿನಿಯವರ. ರಿವೆಟ್ ಹೇಳೋದು ಒಂದ ಮಾತು, ಈ ಮ್ಯಾಗಜಿನ್ ಕೆನಡಾದಾಗ ಯಾರದೋ ಮನ್ಯಾಗ ಇತ್ತಂತ. ಮಾಡಿದವರು ಯಾರಂತ ಅದು ಹೇಳೂದಿಲ್ಲ. ಬೆಲ್ಜಿಯಂದ್ದೂ ಇಲ್ಲಿಗೆ ಬಂದಿರಬಹುದು. ಬೂದುಗಪ್ಪು ಬಣ್ಣ, ಅಕ್ಷರ ಇಲ್ಲದ್ದು, ಆಳವಾದ ಗೆರೆ, ಮೂರೂ ಸೇನೆಯ ಕಡೆಗೆ ಬೊಟ್ಟು ಮಾಡ್ತಾವ. ಆದರ ಬಣ್ಣ ಆಮ್ಯಾಲೆ ಯಾರು ಬೇಕಾದರೂ ಹಾಕಬಹುದು. ನನ್ನ ಮೂರರಾಗ ಒಂದು, ಇಂಗ್ಲಿಸ್ ಪಿಸ್ತೂಲಿನ ಜೋಡಿನ ಒಂದ ಮನ್ಯಾಗ ಅಷ್ಟೂ ವರ್ಷ ಇದ್ದದ್ದು. ಅದರ ಫಾಲೋವರ್, ಬೆನ್ನಿನ ಬೆಸುಗೆ ಸಾಲು, ಎರಡರ ಫೋಟೋ ರಾತ್ರಿ ಹಾಕ್ತೀನಿ. ಹೋಲಿಸಿ ನೋಡ್ರಿ.

ಹಾಸನದ_ಮಗ

ಧಾರವಾಡದ ಸರ್ ಹಾಕಿದ ಫೋಟೋ ನೋಡಿದೆ. ನನ್ನದನ್ನೂ ಅದೇ ಕೋನದಲ್ಲಿ, ಕಿಟಕಿ ಬೆಳಕಿನಲ್ಲಿ ತೆಗೆದು ಪಕ್ಕ ಪಕ್ಕ ಇಟ್ಟೆ. ಬೆನ್ನಿನ ಬೆಸುಗೆ ಸಾಲು ಎರಡರಲ್ಲೂ ಒಂದೇ ತರಹ. ಫಾಲೋವರ್ ಬೇರೆ. ನನ್ನದು ಆಮೇಲೆ ಬದಲಾಯಿಸಿದ್ದು ಇರಬೇಕು. ಪೀಣ್ಯದ ಸರ್ ಹೇಳಿದಂತೆ ಸ್ಪ್ರಿಂಗನ್ನೂ ನನ್ನ ಹತ್ತಿರದ ಹೊಸದರ ಜೊತೆ ಇಟ್ಟು ನೋಡಿದೆ. ಕುಗ್ಗಿದ್ದು ಕಾಣಲಿಲ್ಲ. ಅದೂ ಹೊಸದೇ ಇರಬಹುದು. ಪೆಟ್ಟಿಗೆ ಹಳೆಯದು, ಒಳಗಿನದು ಈಚಿನದು ಅಂತ ಸದ್ಯಕ್ಕೆ ಚೀಟಿ ಬರೆದೆ. 'ಕೆನಡಾದಲ್ಲಿ ಇದ್ದದ್ದು, ಇಂಗ್ಲಿಸ್ ಇರಬಹುದು, ಖಚಿತ ಇಲ್ಲ.'

ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಹನ್ನೊಂದನ್ನೂ ಒಂದೊಂದಾಗಿ ಕ್ಯಾಮೆರಾ ಮುಂದೆ ಹಿಡಿದೆ. ಮೆಕ್-ಗಾರ್‌ಗೆ ಏನೂ ಹೇಳಲಿಲ್ಲ. ಹೊಳೆಯುವ ಎಫ್‌ಎನ್‌ಗೆ "ಇದು ಸಾಹೇಬರದ್ದು" ಅಂದರು. ಬೂದುಗಪ್ಪಿನದು ಬಂದಾಗ ಕನ್ನಡಕ ಸರಿ ಮಾಡಿಕೊಂಡು "ಇದು ನಮ್ಮದರ ಹಾಗಿದೆ ಕಣೋ, ತಿರುಗಿಸು" ಅಂದರು. ತಿರುಗಿಸಿದೆ. ಸುಬೇದಾರ್ ಸಾಹೇಬರ ಮಾತು ನಾನು ಅವರಿಗೆ ಹೇಳಿರಲಿಲ್ಲ. ಪಕ್ಕದಲ್ಲಿ ಟಿವಿ ರಿಮೋಟ್ ಇತ್ತು. ಅದನ್ನು ಬಲಗೈಲಿ ಎತ್ತಿಕೊಂಡು, ಮಾತಾಡುತ್ತಲೇ, ಬೆನ್ನನ್ನು ಎಡ ಅಂಗೈಗೆ ತಟ್ಟಿದರು. ಎರಡು ಸಲ.

ಕೊಡಗಿನ_ಸುಬೇದಾರ್

ನಿನ್ನ ಅಪ್ಪನಿಗೆ ನನ್ನ ಸೆಲ್ಯೂಟ್ ಹೇಳು ತಮ್ಮಾ. ಯಾವ ವರ್ಷದ ಬ್ಯಾಚ್ ಅಂತ ಕೇಳು.